ಹಾಸನದ ಸೀಟೋ, ಬೆಂಗಳೂರಿನ ಸೀಟೋ?

ಪ್ರಶ್ನೆ: ನಾವು ಅರಸೀಕೆರೆಯವರು. ನಮ್ಮ ಯಜಮಾನರು ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಕಂ ಕಂಡಕ್ಟರ್. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ದೊಡ್ಡ ಮಗಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಪಿಯುಸಿ ಸೈನ್ಸನ್ನು ಚೆನ್ನಾಗಿಯೇ ಪಾಸು ಮಾಡಿದ್ದಾಳೆ. ಕೆಸಿಇಟಿ ಮೊದಲ ಸುತ್ತಿನಲ್ಲಿ ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಬಂದಿದೆ, ವರ್ಷದ ಫೀಸು ₹40,000 ಆಸುಪಾಸು. ಕಾಮೆಡ್‌ಕೆಯಲ್ಲಿ ಬೆಂಗಳೂರಿನ ಹೊರವಲಯದ ಹೊಸ ಖಾಸಗಿ ಕಾಲೇಜೊಂದರಲ್ಲಿ ಎಐ-ಎಂಎಲ್ ಸಿಕ್ಕಿದೆ, ವರ್ಷಕ್ಕೆ ₹2.5 ಲಕ್ಷ. ಮಾವನವರು 'ಸೈಟು ಮಾರಿಯಾದರೂ ಸರಿ, ಹೆಸರಿರುವ ಕಾಲೇಜಿನಲ್ಲೇ ಮ್ಯಾನೇಜ್‌ಮೆಂಟ್ ಸೀಟು ಹಾಕಿಸೋಣ' ಅನ್ನುತ್ತಿದ್ದಾರೆ. ಬೆಂಗಳೂರಿಗೆ ಹೋದರೆ ಮಾತ್ರ ಕೆಲಸ ಸಿಗುವುದು ಅಂತ ಯಜಮಾನರ ವಾದ. ಮಗಳಿಗೆ ಫಿಸಿಕ್ಸ್ ಇಷ್ಟ, ಆದರೆ ಗೆಳತಿಯರೆಲ್ಲ ಕಂಪ್ಯೂಟರ್ ಸೈನ್ಸ್ ಅಂತ ಹೊರಟಿರುವುದರಿಂದ ಅವಳಿಗೂ ಗೊಂದಲ. ಚಿಕ್ಕವನು ಈಗ ಒಂಬತ್ತನೇ ಕ್ಲಾಸು. ಯಾವುದನ್ನು ಆರಿಸಬೇಕು, ಏನೇನು ನೋಡಿ ಆರಿಸಬೇಕು?

ಉತ್ತರ: ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ನೋಡೋಣ. ನೀವು ಬರೆದಿರುವ ಮೂರರಲ್ಲಿ ಹಾಸನದ ಸೀಟನ್ನು ಹಿಡಿದುಕೊಳ್ಳಿ. ಎರಡನೇ ಸುತ್ತಿನಲ್ಲಿ ಅದಕ್ಕಿಂತ ಒಳ್ಳೆಯದು ಸಿಗುವ ಹಾಗಿದ್ದರೆ ಆ ದಾರಿಯನ್ನೂ ತೆರೆದಿಟ್ಟುಕೊಳ್ಳಿ. ಮಾವನವರ ಸೈಟು ಮಾವನವರ ಹೆಸರಿನಲ್ಲೇ ಇರಲಿ.

ಫಲಿತಾಂಶದ ಕಾಲ ಬಂತೆಂದರೆ ತಂದೆತಾಯಂದಿರು ಕೇಳುವುದು ಒಂದೇ ಪ್ರಶ್ನೆ: ಯಾವ ಕಾಲೇಜು ಒಳ್ಳೆಯದು? ಕೇಳುವವರೂ ಹೇಳುವವರೂ ಆ ಕಾಲೇಜಿನ ಅತ್ಯುತ್ತಮ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡುತ್ತಾರೆ. ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಫೋಟೊ ಬಂದವನು, ವರ್ಷಕ್ಕೆ 40 ಲಕ್ಷದ ಪ್ಯಾಕೇಜ್ ಪಡೆದವಳು, ಅಮೆರಿಕಕ್ಕೆ ಹೋದ ಪಕ್ಕದ ಬೀದಿಯ ಹುಡುಗ. ಅವರೆಲ್ಲ ಯಾವ ಕಾಲೇಜಿಗೆ ಹೋಗಿದ್ದರೂ ಬಹುಶಃ ಮೇಲೆ ಬರುತ್ತಿದ್ದವರೇ. ಕಾಲೇಜೊಂದರ ನಿಜವಾದ ಕೆಲಸ ಗೊತ್ತಾಗಬೇಕಾದರೆ ತರಗತಿಯ ಮಧ್ಯದಲ್ಲಿ ಕೂತವರನ್ನು ನೋಡಬೇಕು. ಅರವತ್ತು ಜನರಲ್ಲಿ ಮೂವತ್ತನೆಯ ಹುಡುಗಿ ನಾಲ್ಕು ವರ್ಷದ ನಂತರ ಎಲ್ಲಿದ್ದಾಳೆ, ಎಷ್ಟು ಸಾಲದೊಂದಿಗೆ ಇದ್ದಾಳೆ? ಮೂರೂ ಸೀಟುಗಳ ಬಗ್ಗೆ ಇದೊಂದನ್ನು ಕೇಳಿ. ನಿಮ್ಮ ಮಗಳು ಮೊದಲನೆಯವಳಾಗಿಯೇ ಬರಬಹುದು, ಬರಲಿ. ಆದರೆ ಮನೆಯ ದುಡ್ಡನ್ನು ಆ ನಂಬಿಕೆಯ ಮೇಲೆ ಹೂಡಬಾರದು.

ದುಡ್ಡಿನ ಮಾತನ್ನೇ ಮೊದಲು ಮುಗಿಸೋಣ, ಏಕೆಂದರೆ ಸಾಮಾನ್ಯವಾಗಿ ಇದನ್ನು ಕೊನೆಗೆ, ಅದೂ ಅರ್ಧಂಬರ್ಧ ಲೆಕ್ಕ ಹಾಕುತ್ತಾರೆ. ಫೀಸಿನ ರಸೀದಿಯಲ್ಲಿರುವುದು ಒಂದು ವರ್ಷದ ಬೆಲೆ. ನಿಮಗೆ ಬೇಕಾದ್ದು ನಾಲ್ಕು ವರ್ಷದ್ದು, ಊಟ ವಸತಿಯೂ ಸೇರಿದ್ದು. ಬೆಂಗಳೂರಿನ ಸೀಟಿಗೆ ಫೀಸೇ ₹10 ಲಕ್ಷ. ಪಿಜಿಗೆ ತಿಂಗಳಿಗೆ ₹9,000 ಹಿಡಿದು, ವರ್ಷಕ್ಕೆ ಹನ್ನೊಂದು ತಿಂಗಳು ಅಂದುಕೊಂಡರೆ ನಾಲ್ಕು ವರ್ಷಕ್ಕೆ ಸುಮಾರು ₹4 ಲಕ್ಷ. ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕ, ಪುಸ್ತಕ, ಪ್ರಾಜೆಕ್ಟು, ಓಡಾಟ ಎಲ್ಲ ಸೇರಿ ಇನ್ನೊಂದು ಲಕ್ಷ. ಒಟ್ಟು ₹15 ಲಕ್ಷ. ಹಾಸನಕ್ಕೆ ಫೀಸು ₹1.6 ಲಕ್ಷ, ಲ್ಯಾಪ್‌ಟಾಪ್ ಇತ್ಯಾದಿ ಅದೇ ಒಂದು ಲಕ್ಷ, ಮಧ್ಯಾಹ್ನದ ಊಟ-ಕಾಫಿ, ಸಣ್ಣಪುಟ್ಟ ಖರ್ಚಿಗೆ ಒಂದಿಷ್ಟು. ₹3 ಲಕ್ಷದ ಒಳಗೆ ಮುಗಿಯುತ್ತದೆ. ಮನೆಯಿಂದಲೇ ಓಡಾಡಿದರೆ ಶಕ್ತಿ ಯೋಜನೆ ಇರುವವರೆಗೆ ಬಸ್ಸಿಗೆ ಕಾಸಿಲ್ಲ. ಅದನ್ನು ನಿಮ್ಮ ಯಜಮಾನರಿಗೆ ನಾನು ಹೇಳಬೇಕಾಗಿಲ್ಲ.

ವ್ಯತ್ಯಾಸ ₹12 ಲಕ್ಷ. ಹಾಸನಕ್ಕೆ ಬೇಕಾದ ಮೂರು ಲಕ್ಷವನ್ನು ನಾಲ್ಕು ವರ್ಷದಲ್ಲಿ ಕೈಯಿಂದಲೇ ಹೊಂದಿಸುತ್ತೀರಿ ಎಂದಿಟ್ಟುಕೊಂಡರೆ, ಬೆಂಗಳೂರಿಗಾಗಿ ಮಾಡಬೇಕಾದ ಸಾಲ ಅಷ್ಟು. ಶಿಕ್ಷಣ ಸಾಲದಲ್ಲಿ ಓದು ಮುಗಿದು ಇನ್ನೊಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂದು ಬ್ಯಾಂಕಿನವರು ಸಮಾಧಾನವಾಗಿ ಹೇಳುತ್ತಾರೆ. ಕಂತು ಇಲ್ಲ ನಿಜ, ಬಡ್ಡಿ ಇದೆ. ವರ್ಷಕ್ಕೆ ಮೂರು ಲಕ್ಷದಂತೆ ಸಾಲ ಬಿಡುಗಡೆಯಾಗಿ, ಶೇ 10ರ ಸರಳ ಬಡ್ಡಿ ಲೆಕ್ಕ ಹಾಕಿದರೂ ಮೊದಲ ಕಂತಿನ ಹೊತ್ತಿಗೆ ₹4.2 ಲಕ್ಷ ಬಡ್ಡಿ ಬೆಳೆದಿರುತ್ತದೆ. ₹16.2 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು ₹21,400. ಹದಿನೈದು ವರ್ಷಕ್ಕೆ ಎಳೆದರೆ ಕಂತು ₹17,400ಕ್ಕೆ ಇಳಿಯುತ್ತದೆ, ಕಟ್ಟುವ ಒಟ್ಟು ಹಣ ₹31 ಲಕ್ಷ ದಾಟುತ್ತದೆ.

ಈಗ ಆ ಮೂವತ್ತನೆಯ ಹುಡುಗಿಯನ್ನು ಕರೆಯೋಣ. ದೊಡ್ಡ ಐಟಿ ಕಂಪನಿಗಳು ನೂರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ಕೆಲಸಗಳಿಗೆ ಆರಂಭದ ಸಂಬಳ ಬಹಳ ವರ್ಷಗಳಿಂದ ₹3.5 ಲಕ್ಷದ ಸುತ್ತಲೇ ಸುತ್ತುತ್ತಿದೆ. ಬೆಲೆಗಳು ಏರಿದವು, ಫೀಸು ಏರಿತು, ಇದು ಮಾತ್ರ ಅಲ್ಲಾಡಲಿಲ್ಲ. ಕೈಗೆ ಬರುವುದು ತಿಂಗಳಿಗೆ ₹25,000 ಸುಮಾರು. ಅದರಲ್ಲಿ ₹21,400 ಕಂತು ಕಟ್ಟಿ ಬೆಂಗಳೂರಿನಲ್ಲಿ ಬದುಕುವುದು ಸಾಧ್ಯವಿಲ್ಲ. ಕಂತು ಆಗ ಮನೆಗೆ ಬರುತ್ತದೆ, ಸರಿಯಾಗಿ ನಿಮ್ಮ ಚಿಕ್ಕವನು ಡಿಗ್ರಿ ಓದುವ ಹೊತ್ತಿಗೆ.

ನಾನು ಹೇಳುವ ಮಿತಿ ಇಷ್ಟು: ಆ ಬ್ರಾಂಚಿನ ಸಾಧಾರಣ ವಿದ್ಯಾರ್ಥಿಗೆ ಸಿಗುವ ಮೊದಲ ಸಂಬಳದ ಮೂರನೇ ಒಂದು ಭಾಗಕ್ಕಿಂತ ಕಂತು ಹೆಚ್ಚಾಗಬಾರದು. ₹25,000ಕ್ಕೆ ಸುಮಾರು ₹8,000. ಹಿಂದಕ್ಕೆ ಲೆಕ್ಕ ಹಾಕಿದರೆ ನಾಲ್ಕು ವರ್ಷದಲ್ಲಿ ನೀವು ಮಾಡಬಹುದಾದ ಸಾಲ ₹4.5 ಲಕ್ಷ. ಅದರೊಳಗೆ ಬರುವ ಯಾವ ಸೀಟಾದರೂ ಚರ್ಚೆಗೆ ಯೋಗ್ಯ. ಅದರಾಚೆಗಿನ ಸೀಟು ಎಷ್ಟೇ ಚೆಂದ ಕಂಡರೂ ನಿಮ್ಮ ಮನೆಗೆ ಹೇಳಿಸಿದ್ದಲ್ಲ. ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಬ್ಯಾಂಕುಗಳು ₹7.5 ಲಕ್ಷದವರೆಗೆ ಆಸ್ತಿ ಅಡ ಕೇಳುವುದಿಲ್ಲ, ಅದು ದಾಟಿದರೆ ಕೇಳುತ್ತವೆ. ಅಂದರೆ ಮಾರದೆ ಉಳಿದರೂ ಆ ಸೈಟಿನ ಪತ್ರ ಬ್ಯಾಂಕಿನಲ್ಲಿರುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡವೂ ಇಲ್ಲದೆ ಜಾಮೀನೂ ಇಲ್ಲದೆ ಸಾಲವಿದೆ, ₹8 ಲಕ್ಷದೊಳಗಿನ ಆದಾಯದವರಿಗೆ ಬಡ್ಡಿಯಲ್ಲಿ ಶೇ 3 ಸಹಾಯವೂ ಇದೆ. ಆದರೆ ಅದು ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳ ಪಟ್ಟಿಯಲ್ಲಿರುವ ಕಾಲೇಜಿಗೆ ಮಾತ್ರ. ಹೊಸ ಕಾಲೇಜಿನವರು ಸಾಲ ಸುಲಭವಾಗಿ ಸಿಗುತ್ತದೆ ಎಂದರೆ ಯಾವ ಯೋಜನೆಯಲ್ಲಿ ಎಂದು ಕೇಳಿ, ಪಟ್ಟಿಯಲ್ಲಿ ಹೆಸರು ಹುಡುಕಿ.

ಇನ್ನು ಪ್ಲೇಸ್‌ಮೆಂಟ್. ಯಜಮಾನರ ವಾದವೆಲ್ಲ ನಿಂತಿರುವುದು ಇದರ ಮೇಲೆ. ಕಾಲೇಜಿನ ಕೈಪಿಡಿಯಲ್ಲಿ ದೊಡ್ಡಕ್ಷರದಲ್ಲಿರುವ 'ಅತಿ ಹೆಚ್ಚಿನ ಪ್ಯಾಕೇಜ್' ಒಬ್ಬರದ್ದು. ಮದುವೆಮನೆಯ ಹೋಳಿಗೆ ತಿಂದು ಆ ಮನೆಯವರು ದಿನಾ ಏನು ಉಣ್ಣುತ್ತಾರೆಂದು ಹೇಳಲಾಗುವುದಿಲ್ಲ. 'ಶೇ 95 ಪ್ಲೇಸ್‌ಮೆಂಟ್' ಎಂಬುದರ ಹಿಂದೆಯೂ ಒಂದು ಮಾತು ಅಡಗಿರುತ್ತದೆ: ಅರ್ಹರಾದವರಲ್ಲಿ. ಬ್ಯಾಕ್‌ಲಾಗ್ ಇರುವವರು, ಶೇ 60ಕ್ಕಿಂತ ಕಡಿಮೆ ಇರುವವರು ಎಷ್ಟೋ ಕಂಪನಿಗಳ ಪರೀಕ್ಷೆಗೇ ಕೂರುವಂತಿಲ್ಲ. ಅವರನ್ನು ಲೆಕ್ಕದಿಂದ ತೆಗೆದ ಮೇಲೆ ಉಳಿದವರ ಶೇಕಡಾವಾರು ಅದು. ಒಬ್ಬಳಿಗೇ ಮೂರು ಆಫರ್ ಬಂದರೆ ಮೂರು ಎಂದು ಎಣಿಸುವವರೂ ಇದ್ದಾರೆ.

ಇದಕ್ಕೊಂದು ಒಳ್ಳೆಯ ಔಷಧಿ ಇದೆ, ಪುಕ್ಕಟೆಯಾಗಿ ಸಿಗುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗಿನ ಮೊದಲ ಪಟ್ಟಿ ಬಂದದ್ದು 2016ರಲ್ಲಿ. ಅದರಲ್ಲಿ ಭಾಗವಹಿಸುವ ಕಾಲೇಜುಗಳು ತಾವು ಸಲ್ಲಿಸಿದ ವಿವರವನ್ನು ತಮ್ಮ ವೆಬ್‌ಸೈಟಿನಲ್ಲೇ ಹಾಕಬೇಕು. ರ‍್ಯಾಂಕನ್ನು ನೋಡಬೇಡಿ, ಆ ಕೋಷ್ಟಕವನ್ನು ನೋಡಿ. ಇಂಥ ವರ್ಷ ಎಷ್ಟು ಸೀಟಿತ್ತು, ಎಷ್ಟು ಮಂದಿ ಸೇರಿದರು, ಅವರಲ್ಲಿ ಎಷ್ಟು ಮಂದಿ ನಾಲ್ಕೇ ವರ್ಷದಲ್ಲಿ ಪಾಸಾಗಿ ಹೊರಬಂದರು, ಎಷ್ಟು ಮಂದಿಗೆ ಕೆಲಸ, ಎಷ್ಟು ಮಂದಿ ಮುಂದೆ ಓದಲು ಹೋದರು ಎಂದು ಸಾಲಾಗಿ ಇರುತ್ತದೆ. ಸಂಬಳದ ಕಾಲಂನಲ್ಲಿ ಇರುವುದು ಸರಾಸರಿ ಅಲ್ಲ, ಮಧ್ಯದವರ ಸಂಬಳ. ಅದಕ್ಕಿಂತ ಹೆಚ್ಚು ಪಡೆದವರು ಅರ್ಧ, ಕಡಿಮೆ ಪಡೆದವರು ಅರ್ಧ. ನಮ್ಮ ಮೂವತ್ತನೆಯ ಹುಡುಗಿ ಇರುವುದು ಇಲ್ಲೇ. ಸಂಬಳಕ್ಕಿಂತ ಮೊದಲು ನಾನು ಓದುವುದು ನಾಲ್ಕು ವರ್ಷದಲ್ಲಿ ಪಾಸಾದವರ ಸಂಖ್ಯೆಯನ್ನು. ನೂರು ಜನ ಸೇರಿ ಐವತ್ತೈದು ಜನ ಮಾತ್ರ ಸಮಯಕ್ಕೆ ಮುಗಿಸಿದ್ದರೆ ಅಲ್ಲಿ ಪಾಠದಲ್ಲೋ ಪ್ರವೇಶದಲ್ಲೋ ಏನೋ ಸರಿಯಿಲ್ಲ, ಉಳಿದದ್ದನ್ನೆಲ್ಲ ಫ್ಲೆಕ್ಸು ಮುಚ್ಚಿಡುತ್ತಿದೆ. ಕಾಲೇಜು ಎನ್‌ಐಆರ್‌ಎಫ್‌ಗೆ ಹೋಗಿಯೇ ಇಲ್ಲವಾದರೆ ಪ್ಲೇಸ್‌ಮೆಂಟ್ ಅಧಿಕಾರಿಯನ್ನೇ ಕೇಳಿ: ಕಳೆದ ವರ್ಷ ಈ ಬ್ರಾಂಚಿನಲ್ಲಿ ಎಷ್ಟು ಜನ ಮುಗಿಸಿದರು, ಅವರಲ್ಲಿ ಎಷ್ಟು ಜನ ಕೆಲಸಕ್ಕೆ ಹೋದರು? ಬೇರೆ ಬೇರೆ ತಲೆಗಳ ಎಣಿಕೆ ಬೇಕು, ಆಫರುಗಳದ್ದಲ್ಲ. ಉತ್ತರ ಕೊಡುವ ಬದಲು ಕಂಪನಿಗಳ ಲೋಗೊ ತೋರಿಸಿದರೆ ಅದೇ ಉತ್ತರ. ಇದೇ ಪ್ರಶ್ನೆಯನ್ನು ಹಾಸನದ ಕಾಲೇಜಿಗೂ ಕೇಳಿ. ಸರ್ಕಾರಿ ಎಂಬ ಕಾರಣಕ್ಕೆ ಅದನ್ನು ಪರೀಕ್ಷೆಯಿಂದ ಬಿಡಬೇಡಿ.

ಬ್ರಾಂಚಿನ ಮಾತಿಗೆ ಬರುತ್ತೇನೆ. ಎಐ-ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಹೆಸರಿನ ಕೋರ್ಸುಗಳು ನಮ್ಮಲ್ಲಿ ಹೆಚ್ಚಿನ ಕಡೆ ಶುರುವಾದದ್ದು 2020ರ ಈಚೆಗೆ. ಆ ಮೇಲೆ 2024-25ರಿಂದ ಎಐಸಿಟಿಇ ಒಂದೊಂದು ಬ್ರಾಂಚಿನಲ್ಲಿ ಇಷ್ಟೇ ಸೀಟು ಎಂಬ ಮೇಲ್ಮಿತಿಯನ್ನೂ ತೆಗೆದುಹಾಕಿತು. ಕಂಪ್ಯೂಟರ್ ಬಗೆಯ ಸೀಟುಗಳು ಒಂದೇ ಸಮನೆ ಹೆಚ್ಚಿದವು. ಸೀಟು ಹೆಚ್ಚಿಸುವುದಕ್ಕೆ ಒಂದು ಆದೇಶ ಸಾಕು, ಕಲಿಸುವವರನ್ನು ಹೆಚ್ಚಿಸುವುದಕ್ಕೆ ವರ್ಷಗಳು ಬೇಕು. ಎಐಯನ್ನು ಆಳವಾಗಿ ಬಲ್ಲವರಿಗೆ ಕಂಪನಿಗಳು ಕೊಡುವ ಸಂಬಳವನ್ನು ಹೊಸ ಖಾಸಗಿ ಕಾಲೇಜು ಕೊಡಲಾರದು. ಹಾಗಾಗಿ ನಿನ್ನೆಯವರೆಗೆ ಬೇರೇನನ್ನೋ ಕಲಿಸುತ್ತಿದ್ದವರು ಇವತ್ತು ಮಷೀನ್ ಲರ್ನಿಂಗ್ ಪುಸ್ತಕ ಹಿಡಿದಿರುವ ಸಾಧ್ಯತೆ ಇದ್ದೇ ಇದೆ. ಅದು ಅವರ ತಪ್ಪೂ ಅಲ್ಲ. ನಿಮಗೆ ಸಿಕ್ಕಿರುವ ಕಾಲೇಜು ಇದಕ್ಕೆ ಅಪವಾದ ಇರಬಹುದು. ಇದೆಯೋ ಎಂದು ತಿಳಿಯಲು ಆ ವಿಭಾಗದ ಅಧ್ಯಾಪಕರ ಪಟ್ಟಿ ನೋಡಿ. ಎಷ್ಟು ಜನ, ಎಷ್ಟು ವರ್ಷದಿಂದ ಇದ್ದಾರೆ, ಎಷ್ಟು ಸೆಕ್ಷನ್‌ಗೆ ಅವರೇ ಪಾಠ ಮಾಡಬೇಕು?

ಎನ್‌ಬಿಎ ಮಾನ್ಯತೆಯನ್ನೂ ನೋಡಿ. ನ್ಯಾಕ್ ಎಂಬುದು ಇಡೀ ಕಾಲೇಜಿಗೆ ಕೊಡುವ ಮಾನ್ಯತೆ, ಎನ್‌ಬಿಎ ಒಂದೊಂದು ಬ್ರಾಂಚಿಗೆ. ಗೇಟಿನ ಮೇಲೆ 'ಎನ್‌ಬಿಎ ಮಾನ್ಯತೆ ಪಡೆದ ಕಾಲೇಜು' ಅಂತ ಬರೆದಿದ್ದರೆ ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ ಎಂದು ಕೇಳಬೇಕು. ಭಾರತ 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ದೇಶವಾದ ಮೇಲೆ ಸ್ವಾಯತ್ತ ಸಂಸ್ಥೆಗಳು ಪಡೆದ ಈ ಮಾನ್ಯತೆಗೆ ಹೊರದೇಶಗಳಲ್ಲೂ ಬೆಲೆ ಬಂದಿದೆ. ಕನಿಷ್ಠ ಎರಡು ಬ್ಯಾಚ್ ಹೊರಬಿದ್ದ ಮೇಲಷ್ಟೇ ಇದಕ್ಕೆ ಅರ್ಜಿ ಹಾಕಬಹುದು. ಹೊಸ ಕಾಲೇಜಿನ ಹೊಸ ಬ್ರಾಂಚಿಗೆ ಅದು ಇಲ್ಲದಿದ್ದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿ ಮಗಳು ಪ್ರಯೋಗದ ಬ್ಯಾಚಿನಲ್ಲಿ ಇರುತ್ತಾಳೆ, ಅದಕ್ಕೆ ನೀವು ಕೊಡುವುದು ಹದಿನೈದು ಲಕ್ಷ.

ಎಲೆಕ್ಟ್ರಾನಿಕ್ಸ್ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ತಿಳಿದೇ ಓದಿ. ಇಸಿ ಕಷ್ಟ ಎಂಬ ಹೆಸರು ಅದಕ್ಕಿದೆ, ಸುಳ್ಳಲ್ಲ. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್, ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಎರಡರಲ್ಲೂ ಗಣಿತ ತುಂಬಿದೆ, ಮೂರನೇ ಸೆಮಿಸ್ಟರ್ ನಂತರ ಕೈಬಿಟ್ಟವರಿಗೆ ಮತ್ತೆ ಹಿಡಿಯುವುದು ಕಷ್ಟ. ಫಿಸಿಕ್ಸ್ ಇಷ್ಟಪಡುವ ಹುಡುಗಿಗೆ ಇದೇ ಮೆಚ್ಚುಗೆಯಾಗಬಹುದು. ಇಸಿ ಓದಿದವರು ಚಿಪ್ ವಿನ್ಯಾಸದತ್ತ ಹೋಗಬಹುದು, ವಾಹನ ಮತ್ತು ವೈದ್ಯಕೀಯ ಉಪಕರಣಗಳ ಒಳಗಿನ ಎಂಬೆಡೆಡ್ ಪ್ರೋಗ್ರಾಮಿಂಗ್‌ಗೆ ಹೋಗಬಹುದು, ಗೇಟ್ ಬರೆದು ಎಂ.ಟೆಕ್‌ಗೋ ಸಾರ್ವಜನಿಕ ಉದ್ದಿಮೆಗೋ ಹೋಗಬಹುದು. ಇದ್ಯಾವುದೂ ಬೇಡವೆಂದರೆ ಸಾಫ್ಟ್‌ವೇರ್ ಕಂಪನಿಗಳ ಸಾಮೂಹಿಕ ನೇಮಕಾತಿಗೆ ಕಂಪ್ಯೂಟರ್ ಸೈನ್ಸಿನವರ ಪಕ್ಕದಲ್ಲೇ ಕೂರಬಹುದು. ಅಲ್ಲಿ ಬಹುಪಾಲು ಕಂಪನಿಗಳು ಬ್ರಾಂಚು ಕೇಳುವುದಿಲ್ಲ. ಉಲ್ಟಾ ದಾರಿ ಅಷ್ಟು ಸಲೀಸಲ್ಲ: ಎಐ-ಎಂಎಲ್ ಓದಿದವರು ಚಿಪ್ ವಿನ್ಯಾಸಕ್ಕೆ ಬರುವುದು ಅಪರೂಪ. ಹದಿನೆಂಟನೇ ವಯಸ್ಸಿಗೆ ಮನಸ್ಸು ಗಟ್ಟಿಯಾಗದವರಿಗೆ ಹೆಚ್ಚು ಬಾಗಿಲುಗಳಿರುವ ಬ್ರಾಂಚೇ ವಾಸಿ. ಅಂದಹಾಗೆ, ದೇಶದ ಭೂಸ್ಥಿರ ಉಪಗ್ರಹಗಳನ್ನು ನೆಲದಿಂದ ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇರುವುದು ಹಾಸನದಲ್ಲೇ. ಕಾಲೇಜಿಗೂ ಅದಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಕಮ್ಯುನಿಕೇಶನ್ ಎಂಬ ಪದ ಸೀಟಿನ ಹೆಸರಿನಲ್ಲಿರುವ ಹುಡುಗಿಗೆ ಅಷ್ಟು ಗೊತ್ತಿರಲಿ ಎಂದು ಹೇಳಿದೆ.

ಒಂದು ವೇಳೆ ಮಗಳಿಗೆ ಗಣಿತ ಕಂಡರೆ ಬೇಸರ, ಕೋಡಿಂಗ್ ಮಾತ್ರ ಇಷ್ಟ ಎಂದಾದರೆ ನನ್ನ ಮಾತು ಬದಲಾಗುತ್ತದೆ. ಗೆಳತಿಯರನ್ನು ಬದಿಗಿಟ್ಟು ಒಂದು ಪರೀಕ್ಷೆ ಮಾಡಿಸಿ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪಾಠಗಳು ಉಚಿತವಾಗಿ ನೋಡಲು ಸಿಗುತ್ತವೆ. ಡಿಜಿಟಲ್ ಸರ್ಕ್ಯೂಟ್ಸ್ ಬಗ್ಗೆ ಎರಡು ಪಾಠ, ಪೈಥಾನ್ ಪ್ರೋಗ್ರಾಮಿಂಗ್ ಬಗ್ಗೆ ಎರಡು ಪಾಠ ನೋಡಲಿ. ಪೂರ್ತಿ ಅರ್ಥವಾಗಬೇಕಿಲ್ಲ. ಮೂರನೆಯದನ್ನು ಯಾರೂ ಹೇಳದೆ ಯಾವುದರಲ್ಲಿ ತೆರೆದು ನೋಡುತ್ತಾಳೆ ಎಂಬುದನ್ನು ಗಮನಿಸಿ.

ಬೆಂಗಳೂರಿಗೆ ಹೋದರೆ ಮಾತ್ರ ಕೆಲಸ ಎಂಬ ಮಾತಿನಲ್ಲಿ ಒಂದು ಭಾಗ ನಿಜವಿದೆ, ಅದನ್ನು ಒಪ್ಪಬೇಕು. ಅಲ್ಲಿನ ಮಕ್ಕಳಿಗೆ ರಜೆಯಲ್ಲಿ ಇಂಟರ್ನ್‌ಶಿಪ್ ಹುಡುಕುವುದು ಸುಲಭ. ಸೀನಿಯರುಗಳು ಕಂಪನಿಗಳಲ್ಲಿ ಇರುತ್ತಾರೆ. ಕೆಲವು ಕಂಪನಿಗಳು ಜಿಲ್ಲಾ ಕೇಂದ್ರದವರೆಗೆ ಬರುವುದಿಲ್ಲ, ಹಾಸನದವರೇ ಪೂಲ್ ಕ್ಯಾಂಪಸ್‌ಗೆ ಬೇರೆ ಊರಿಗೆ ಹೋಗಬೇಕಾಗುತ್ತದೆ. ಆದರೆ ಈ ಅನುಕೂಲ ದಶಕಗಳಿಂದ ಹೆಸರು ಮಾಡಿದ ಕಾಲೇಜುಗಳಿಗೆ ಇರುವಂತೆ ರಿಂಗ್ ರೋಡಿನಾಚೆಯ ಹೊಸ ಕಾಲೇಜಿಗೆ ಇರುವುದಿಲ್ಲ. ಪಿನ್‌ಕೋಡು ಬೆಂಗಳೂರಿನದ್ದಾದರೆ ಸಾಲದು. ಹಾಸನದ ಸರ್ಕಾರಿ ಕಾಲೇಜು ವಿಟಿಯುಗೆ ಸೇರಿದ್ದು. ಆ ಖಾಸಗಿ ಕಾಲೇಜು ಸ್ವಾಯತ್ತ ಅಲ್ಲದಿದ್ದರೆ ಅದೂ ಅದೇ ವಿಟಿಯು ಪಠ್ಯ, ಅದೇ ಪ್ರಶ್ನೆಪತ್ರಿಕೆ, ಅದೇ ಡಿಗ್ರಿ. ಕೊನೆಯ ವರ್ಷದ ಇಂಟರ್ನ್‌ಶಿಪ್ಪಿಗೆ ಹಾಸನದಿಂದಲೂ ಬೆಂಗಳೂರಿಗೆ ಬರಬಹುದು. ಆ ಕೆಲವು ತಿಂಗಳಿಗೆ ಪಿಜಿ ಖರ್ಚು ಮಾಡಿದರೆ ಅದು ಸಾರ್ಥಕ ಖರ್ಚು.

ಮಗಳಿಗೆ ಹೊಂದುತ್ತದೆಯೇ ಎಂಬುದನ್ನು ಮಾತ್ರ ಲೆಕ್ಕದಿಂದ ತಿಳಿಯಲಾಗುವುದಿಲ್ಲ, ಹೋಗಿ ನೋಡಬೇಕು. ಕಾಲೇಜಿನವರು ಕರೆಯುವ ದಿನ ಬೇಡ, ತರಗತಿ ನಡೆಯುವ ಒಂದು ಸಾದಾ ದಿನ ಹೋಗಿ. ಪ್ರಾಂಶುಪಾಲರ ಕೊಠಡಿಯಲ್ಲಿ ಕೂರುವುದಕ್ಕಿಂತ ಕ್ಯಾಂಟೀನಿನಲ್ಲಿ ಕೂರಿ. ಮಗಳನ್ನು ಎರಡನೇ, ಮೂರನೇ ವರ್ಷದ ಹುಡುಗಿಯರೊಂದಿಗೆ ಮಾತಾಡಲು ಬಿಡಿ, ನೀವು ಸ್ವಲ್ಪ ದೂರ ನಿಲ್ಲಿ. ಲ್ಯಾಬ್ ಸಂಜೆ ತೆರೆದಿರುತ್ತದೆಯೇ, ಅರ್ಥವಾಗದಿದ್ದರೆ ಯಾರ ಬಳಿ ಹೋಗುತ್ತೀರಿ, ಈ ಸೆಮಿಸ್ಟರಿನಲ್ಲಿ ಯಾವ ವಿಷಯಕ್ಕೆ ಮೇಷ್ಟ್ರು ಇನ್ನೂ ಬಂದಿಲ್ಲ ಎಂದು ಕೇಳಲಿ. ಕೊನೆಯ ಪ್ರಶ್ನೆ ಸರ್ಕಾರಿ ಕಾಲೇಜಿನಲ್ಲಿ ಖಂಡಿತ ಕೇಳಬೇಕಾದ್ದು, ಏಕೆಂದರೆ ಖಾಲಿ ಹುದ್ದೆ, ಅತಿಥಿ ಉಪನ್ಯಾಸಕರ ತಾಪತ್ರಯ ಅಲ್ಲಿನ ಹಳೆಯ ಕಾಯಿಲೆ. ಪ್ರಾಧ್ಯಾಪಕರಿಲ್ಲದ ವಿಭಾಗವಾದರೆ ಕಡಿಮೆ ಫೀಸು ಎಂಬುದಕ್ಕೆ ಅರ್ಥವಿಲ್ಲ.

ಕನ್ನಡ ಮಾಧ್ಯಮದ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ಬರೆದಿದ್ದೀರಿ, ಅಂದರೆ ಆತಂಕ ಇದೆ. ಪಿಯುಸಿ ಸೈನ್ಸನ್ನು ಚೆನ್ನಾಗಿ ಮುಗಿಸಿದವಳು ಆ ಹೊಳೆಯನ್ನು ಅರ್ಧಕ್ಕಿಂತ ಹೆಚ್ಚು ದಾಟಿದ್ದಾಳೆ. ಉಳಿದಿರುವುದು ಬರೆಯುವುದಲ್ಲ, ಎದ್ದುನಿಂತು ಮಾತಾಡುವುದು. ತನ್ನಂಥವರೇ ನಾಲ್ಕಾರು ಜನ ಇರುವ ತರಗತಿಯಲ್ಲಿ ತಪ್ಪು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಧೈರ್ಯ ಬೇಗ ಬರುತ್ತದೆ, ನನ್ನ ಅನಿಸಿಕೆಯಂತೆ ಅದು ಹಾಸನಕ್ಕೆ ಇನ್ನೊಂದು ಅಂಕ. ಇಲ್ಲಿ ಒಂದು ಎಚ್ಚರಿಕೆ: ಅರಸೀಕೆರೆಯಿಂದ ದಿನಾ ಓಡಾಡುವುದು ಕಾಗದದಲ್ಲಿ ಚೆಂದ. ಹೋಗಿಬರಲು ಮನೆಬಾಗಿಲಿಂದ ಮನೆಬಾಗಿಲಿಗೆ ಮೂರು ಗಂಟೆ ಹಿಡಿದರೆ ಲೈಬ್ರರಿ, ಸಂಜೆಯ ಲ್ಯಾಬು, ಗೆಳತಿಯರೊಂದಿಗೆ ಪ್ರಾಜೆಕ್ಟು ಎಲ್ಲಕ್ಕೂ ಕತ್ತರಿ. ಮೊದಲ ವರ್ಷ ಓಡಾಡಿ ನೋಡಲಿ, ಸುಸ್ತಾದರೆ ಹಾಸನದಲ್ಲೇ ಬಿಸಿಎಂ ಹಾಸ್ಟೆಲಿಗೋ ಕಾಲೇಜು ಹಾಸ್ಟೆಲಿಗೋ ಅರ್ಜಿ ಹಾಕಿ. ಅಲ್ಲಿ ಒಂದಿಷ್ಟು ಖರ್ಚಾದರೂ ಬೆಂಗಳೂರಿನ ಲೆಕ್ಕದ ಹತ್ತಿರ ಹೋಗುವುದಿಲ್ಲ.

ಮ್ಯಾನೇಜ್‌ಮೆಂಟ್ ಸೀಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಲಿನ ಕಂತಿನ ಲೆಕ್ಕವನ್ನು ಮಾವನವರಿಗೆ ತೋರಿಸಿ ಸಾಕು. ರಸೀದಿ ಇಲ್ಲದೆ ಕೇಳುವ ಹಣ ಯಾವುದೇ ಹೆಸರಿನದ್ದಾಗಲಿ, 1984ರ ಕರ್ನಾಟಕದ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯ ಪ್ರಕಾರ ಅದು ಅಪರಾಧ. ಮೊಮ್ಮಗಳ ಮೇಲಿನ ಪ್ರೀತಿಯಿಂದ ಅವರು ಆ ಮಾತು ಹೇಳಿದ್ದಾರೆ, ಆ ಪ್ರೀತಿಗೆ ಒಂದು ಒಳ್ಳೆಯ ಲ್ಯಾಪ್‌ಟಾಪ್ ಕೊಡಿಸುವ ಕೆಲಸ ಹಚ್ಚಿ.

ಈಗ ಮಾಡಬೇಕಾದ್ದು. ಸೀಟು ಹಂಚಿಕೆಯಾದ ಮೇಲೆ ಸಿಇಟಿ ನಡೆಸುವ ಕೆಇಎ ನಾಲ್ಕು ಛಾಯ್ಸ್ ಕೊಡುತ್ತದೆ. ಒಂದನೆಯದು, ಸೀಟು ಒಪ್ಪಿಗೆ, ಕಾಲೇಜಿಗೆ ಸೇರುತ್ತೇನೆ. ಎರಡನೆಯದು, ಸೀಟು ಇರಲಿ, ಆದರೆ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಕೊಡಿ. ಮೂರನೆಯದು, ಈ ಸೀಟು ಬೇಡ, ಮುಂದಿನ ಸುತ್ತಿಗೆ ಬಿಡಿ. ನಾಲ್ಕನೆಯದು, ನಾನು ಹೊರಟೆ. ನಿಮಗೆ ಹೊಂದುವುದು ಎರಡನೆಯದು. ಮೂರನೆಯದನ್ನು ಒತ್ತಿ ಕೈಯಲ್ಲಿದ್ದದ್ದನ್ನೂ ಕಳೆದುಕೊಂಡವರು ಪ್ರತಿ ವರ್ಷ ಇದ್ದಾರೆ. ಎರಡನ್ನು ಆರಿಸುವ ಮುನ್ನ ಒಂದು ಕೆಲಸ ಮಾಡಿ. ಮೇಲಿನ ಆಯ್ಕೆ ಸಿಕ್ಕಿತೆಂದರೆ ಹಾಸನದ ಸೀಟು ತಾನಾಗಿ ಹೋಗುತ್ತದೆ, ಬೇಡವೆಂದರೂ ವಾಪಸು ಬರುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಹಾಸನಕ್ಕಿಂತ ಮೇಲಿರುವ ಒಂದೊಂದನ್ನೂ ₹4.5 ಲಕ್ಷದ ಸಾಲದ ಮಿತಿಗೆ ಹಿಡಿದು ನೋಡಿ, ದಾಟುವುದನ್ನು ಅಳಿಸಿ. ಅದೇ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಮಗಳಿಗೆ ನಿಜವಾಗಿ ಬೇಕಿದ್ದರೆ ಉಳಿಸಿಕೊಳ್ಳಿ. 1960ರಲ್ಲಿ ಶುರುವಾದ, ಈಗ ಸ್ವಾಯತ್ತವಾಗಿರುವ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜನ್ನೂ ಅದರ ಈ ವರ್ಷದ ಕೆಸಿಇಟಿ ಶುಲ್ಕ ನೋಡಿ ಪರಿಗಣಿಸಿ. ಮಲೆನಾಡಿನಲ್ಲಿ ಇಸಿಯೋ ಸರ್ಕಾರಿಯಲ್ಲಿ ಇಸಿಯೋ ಎಂಬ ಪ್ರಶ್ನೆ ಬಂದರೆ ಅದು ಸಂತೋಷದ ತೊಂದರೆ. ಕ್ಯಾಂಟೀನಿನಲ್ಲಿ ಕೂತು ಬಂದವಳೇ ತೀರ್ಮಾನ ಮಾಡಲಿ. ಯಾವ ಛಾಯ್ಸಿಗೆ ಶುಲ್ಕ ಎಷ್ಟು, ಯಾವ ದಿನದೊಳಗೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಈ ವರ್ಷದ ಪ್ರಕಟಣೆಯನ್ನೇ ಓದಿ. ಕಾಮೆಡ್‌ಕೆಗೆ ಹಣ ಕಟ್ಟಿದ್ದರೆ ಬಿಡುವ ಕೊನೆ ದಿನ, ವಾಪಸಾತಿ ನಿಯಮ ಎರಡನ್ನೂ ಇವತ್ತೇ ನೋಡಿಕೊಳ್ಳಿ.

ಹೆಣ್ಣುಮಕ್ಕಳಿಗೆ ಎಐಸಿಟಿಇ ಕೊಡುವ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ ₹50,000, ಕುಟುಂಬದ ಆದಾಯ ₹8 ಲಕ್ಷದೊಳಗಿರಬೇಕು. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ, ಆಯ್ಕೆ ಅಂಕಗಳ ಆಧಾರದ ಮೇಲೆ. ಸಿಕ್ಕರೆ ಹಾಸನದ ಇಡೀ ಫೀಸು ಅದರಲ್ಲೇ ತೀರಿ ಕೈಯಲ್ಲಿ ಸ್ವಲ್ಪ ಉಳಿಯುತ್ತದೆ, ಬೆಂಗಳೂರಿನ ಫೀಸಿಗೆ ಅದು ಐದರಲ್ಲಿ ಒಂದು ಭಾಗ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ನಿಮ್ಮ ವರ್ಗಕ್ಕೆ ಅನ್ವಯಿಸುವ ನೆರವಿಗೂ ಅರ್ಜಿ ಹಾಕಿ. ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಗೆ ಈ ವಾರವೇ ಹೋಗಿ, ಕಾಲೇಜು ಶುರುವಾದ ಮೇಲೆ ಅಲ್ಲಿ ಸರದಿ ಉದ್ದವಾಗಿರುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಛಾಯ್ಸ್ ನಮೂದಿಸುವ ದಿನ ಕೆಇಎ ಪೋರ್ಟಲಿಗೆ ಮಗಳೇ ಲಾಗಿನ್ ಆಗಲಿ, ಮೊಬೈಲಿಗೆ ಬರುವ ಓಟಿಪಿ ಅವಳ ಕೈಯಲ್ಲೇ ಇರಲಿ. ಸೈಬರ್ ಸೆಂಟರಿನವರು ಎಷ್ಟೇ ಪರಿಚಯದವರಾದರೂ ಪಾಸ್‌ವರ್ಡ್ ಬರೆದುಕೊಟ್ಟು ಬರಬೇಡಿ, ಕೊನೆಯ ಗಂಟೆಯವರೆಗೆ ಕಾಯಲೂಬೇಡಿ.